ಮೊದಲ ಸಲ ಕೋಡ್ ಬರೆಯುವವರಿಗಾಗಿ ಕೋರ್ಸ್ ಕಟ್ಟುವುದು ಹೇಗೆ: ಕಾಸರಗೋಡಿನ ತರಗತಿಯಿಂದ ಒಂದು ಮಾರ್ಗದರ್ಶಿ

ಪ್ರೋಗ್ರಾಮಿಂಗ್ ಕಲಿಸಲು ತೊಡಗಿದ ವರ್ಷ, ಮೊದಲ ದಿನವೇ ನಾನು ತರಗತಿಯಲ್ಲಿ ಕೇಳಿದ್ದೆ: ‘ಈ ಹಿಂದೆ ಕೋಡ್ ಬರೆದವರು ಯಾರೆಲ್ಲ? ಕೈ ಎತ್ತಿ.’ ಏಳೆಂಟು ಕೈ ಮೇಲೆದ್ದವು. ಉಳಿದ ಮಕ್ಕಳು ಆ ಕೈಗಳನ್ನೇ ನೋಡುತ್ತಾ ಕೂತರು. ಪೆರ್ಲದ ಕಡೆಯಿಂದ ಬರುತ್ತಿದ್ದ, ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಒಬ್ಬ ಹುಡುಗಿ ಎರಡನೇ ವಾರ ಹಿಂದಿನ ಬೆಂಚಿಗೆ ಹೋದಳು. ಐದನೇ ವಾರಕ್ಕೆ ಕೋರ್ಸೇ ಬಿಟ್ಟಳು. ಕೇಳಿದರೆ, ‘ಅವರಿಗೆಲ್ಲ ಬರ್ತದೆ ಸರ್, ನನಗೆ ಇದರ ತಲೆ ಇಲ್ಲ’ ಅಂದಳು. ಲೆಕ್ಕದಲ್ಲಿ ಅವಳು ಆ ಕೈ ಎತ್ತಿದವರಲ್ಲಿ ಹೆಚ್ಚಿನವರಿಗಿಂತ ಮುಂದಿದ್ದಳು. ಅವಳಿಗೆ ಇಲ್ಲದಿದ್ದದ್ದು ತಲೆಯಲ್ಲ, ಅಭ್ಯಾಸ. ಇವೆರಡೂ ಒಂದೇ ಎಂದು ನಂಬುವಂತೆ ಮಾಡಿದ್ದು ನನ್ನ ಪ್ರಶ್ನೆ.

ಇಲ್ಲಿ ಬರೆಯುತ್ತಿರುವುದೆಲ್ಲ ಆ ಒಂದು ಗೊಂದಲವನ್ನು ತರಗತಿಯಿಂದ ಹೊರಗಿಡುವ ದಾರಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ವಿಜ್ಞಾನಕ್ಕೆ ಸೇರಿದವರಲ್ಲಿ ಹೆಣ್ಣುಮಕ್ಕಳು ಶೇ. 7 ಮಾತ್ರ ಇದ್ದರು, 2000ಕ್ಕೆ ಶೇ. 42 ಆದರು. ಸಂಶೋಧಕರಾದ ಜೇನ್ ಮಾರ್ಗೊಲಿಸ್ ಮತ್ತು ಅಲನ್ ಫಿಶರ್ ಅಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಗಳ ಜತೆ ಕೂತು ಮಾತಾಡಿ ಕಂಡುಕೊಂಡದ್ದರಲ್ಲಿ ಮುಖ್ಯವಾದದ್ದು ಇದೇ: ಮೊದಲೇ ಕೋಡ್ ಬರೆದವರನ್ನು ಕಂಡು ಹೊಸಬರು ತಮಗೆ ಯೋಗ್ಯತೆ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಪ್ರವೇಶದಲ್ಲಿ ಹಳೆಯ ಅನುಭವಕ್ಕೆ ಕೊಡುತ್ತಿದ್ದ ತೂಕವನ್ನು ವಿಶ್ವವಿದ್ಯಾಲಯ ಇಳಿಸಿತು. ಮಟ್ಟವೇನೂ ಇಳಿಯಲಿಲ್ಲ.

ನಮ್ಮಲ್ಲಿ ಈ ಹೊಸಬರು ಯಾರು? ಕನ್ನಡ ಮಾಧ್ಯಮದ ಮಕ್ಕಳು, ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಆಡುವವರು, ಮಲೆಯಾಳದಲ್ಲಿ ಓದಿ ಬಂದವರು, ಕುಟುಂಬದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಕೊರಗ, ಮಾವಿಲ ಸಮುದಾಯದ ಮಕ್ಕಳು. ಕೇರಳದಲ್ಲಿ 2024ರಲ್ಲಿ ನಾಲ್ಕು ವರ್ಷದ ಪದವಿ ಬಂದ ಮೇಲೆ ಬೇರೆ ವಿಷಯದವರೂ ಕಂಪ್ಯೂಟರಿನ ಕೋರ್ಸ್ ಆರಿಸಿಕೊಳ್ಳುತ್ತಿದ್ದಾರೆ. ಹಾಗಾಗಿ ಹೊಸಬರ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ.

ಹಂತ 1: ಕೈ ಎತ್ತಿಸಬೇಡಿ, ಕಾಗದ ಕೊಡಿ

ಮೊದಲ ತರಗತಿಗೂ ಮುಂಚೆ ಒಂದು ಪುಟದ ಪ್ರಶ್ನೆಪಟ್ಟಿ ಕೊಡಿ. ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರರಲ್ಲೂ ಇರಲಿ, ಯಾವುದರಲ್ಲಿ ಬೇಕಾದರೂ ಬರೆಯಲಿ. ‘ನಿಮಗೆ ಎಷ್ಟು ಬರುತ್ತದೆ, ಹತ್ತಕ್ಕೆ ಎಷ್ಟು?’ ಎಂದು ಕೇಳಬೇಡಿ. ಹುಡುಗಿಯರು ತಮಗೆ ತಾವೇ ಮೂರು ಕೊಟ್ಟುಕೊಳ್ಳುತ್ತಾರೆ, ಅಷ್ಟೇ ಗೊತ್ತಿರುವ ಹುಡುಗರು ಏಳು ಕೊಟ್ಟುಕೊಳ್ಳುತ್ತಾರೆ. ನಡೆದದ್ದನ್ನು ಕೇಳಿ: ಕೀಬೋರ್ಡಿನಲ್ಲಿ ಕೊನೆಯ ಸಲ ಟೈಪ್ ಮಾಡಿದ್ದು ಯಾವಾಗ? ಮನೆಯಲ್ಲಿ ಕಂಪ್ಯೂಟರ್ ಉಂಟೋ, ಫೋನ್ ಮಾತ್ರವೋ? ಆ ಫೋನ್ ನಿಮ್ಮದೋ, ಅಣ್ಣನದೋ? ಊರಿಗೆ ಕೊನೆಯ ಬಸ್ ಎಷ್ಟು ಗಂಟೆಗೆ?

ಒಂದು ಪ್ರಶ್ನೆಯನ್ನು ಮರೆಯದೆ ಸೇರಿಸಿ: ‘ಶಾಲೆಯ ಐಸಿಟಿ (ಕಂಪ್ಯೂಟರ್) ಲ್ಯಾಬಿನಲ್ಲಿ ಏನೇನು ಮಾಡಿದ್ದೀರಿ?’ ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲೇ ಶುರುವಾಯಿತು, ಆಮೇಲೆ ಅದು ಕೈಟ್ ಸಂಸ್ಥೆಯಾಯಿತು. ಕಂಪ್ಯೂಟರುಗಳಲ್ಲಿ ಸ್ವತಂತ್ರ ತಂತ್ರಾಂಶ, ಪಠ್ಯದಲ್ಲಿ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟರ್ಟಲ್‌ನಿಂದ ಚಿತ್ರ ಬಿಡಿಸುವ ಪಾಠ. 2018ರಿಂದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಕ್ಲಬ್‌ಗಳೂ ಇವೆ. ಬದಿಯಡ್ಕದ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿಯೂ ಚೌಕ ಬಿಡಿಸಲು ಲೂಪ್ (ಅದೇ ಸೂಚನೆಯನ್ನು ಮತ್ತೆ ಮತ್ತೆ ನಡೆಸುವ ಸಾಲು) ಬರೆದಿರುತ್ತಾಳೆ. ಆದರೆ ಅದನ್ನು ಅವಳು ‘ಕೋಡಿಂಗ್’ ಎಂದು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ‘ನೀವು ಬರೆದಿದ್ದೀರಿ, ಅದೂ ಪೈಥಾನೇ’ ಎಂದು ಮೊದಲ ವಾರ ನೀವು ಹೇಳಬೇಕು.

ಹಂತ 2: ಮೊದಲ ಲ್ಯಾಬ್ ಕೀಬೋರ್ಡಿಗೆ

ಫೋನಿನಲ್ಲಿ ಬೆಳೆದ ಮಕ್ಕಳಿಗೆ ಕೋಲನ್ ಎಲ್ಲಿದೆ, ಅಂಡರ್‌ಸ್ಕೋರ್ ಬರಲು ಶಿಫ್ಟ್ ಒತ್ತಬೇಕು, ಚೌಕ ಆವರಣ ಬೇರೆ, ಬಳ್ಳಿ ಆವರಣ ಬೇರೆ ಎಂಬುದು ಗೊತ್ತಿರಬೇಕೆಂದಿಲ್ಲ. ಪಕ್ಕದವನ ಬೆರಳು ಓಡುತ್ತಿರುವಾಗ ತಾನು ಕೋಲನ್ ಹುಡುಕುತ್ತಾ ಕೂರುವ ಆ ಒಂದು ನಿಮಿಷ ತುಂಬ ಉದ್ದ. ಹಾಗಾಗಿ ಮೊದಲ ಅರ್ಧ ಗಂಟೆ ಎಲ್ಲರಿಗೂ ಬರೀ ಚಿಹ್ನೆಗಳ ಅಭ್ಯಾಸ, ಗೊತ್ತಿದ್ದವರಿಗೂ. ಕೋಡ್ ಬರೆಯುವ ತಂತ್ರಾಂಶವಾಗಿ ಥೋನಿ ಒಳ್ಳೆಯದು. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ಮಾಡಿದ್ದು. ವೇರಿಯಬಲ್‌ಗಳೊಳಗೆ (ಹೆಸರಿಟ್ಟು ಮೌಲ್ಯ ಇಡುವ ಜಾಗಗಳೊಳಗೆ) ಏನಿದೆ ಎಂಬುದನ್ನು ಪಕ್ಕದಲ್ಲೇ ತೋರಿಸುತ್ತದೆ.

ನೋಟ್ಸನ್ನು ವಾಟ್ಸ್ಆಪ್‌ನಲ್ಲಿ ಕಳಿಸುವವರು ಗಮನಿಸಿ: ವರ್ಡ್‌ನಂಥ ತಂತ್ರಾಂಶದಲ್ಲಿ ಬರೆದ ನೋಟ್ಸಿನಲ್ಲಿ ನೇರ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿರುತ್ತವೆ. ಮಕ್ಕಳು ಅದನ್ನು ಹಾಗೇ ಅಂಟಿಸಿದರೆ ಸಿಂಟ್ಯಾಕ್ಸ್ ಎರರ್, ಅಂದರೆ ಬರೆದದ್ದು ಭಾಷೆಯ ನಿಯಮಕ್ಕೆ ಹೊಂದುವುದಿಲ್ಲ ಎಂಬ ಸಂದೇಶ. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ, ಮಗು ತನ್ನದೇ ತಪ್ಪೆಂದುಕೊಳ್ಳುತ್ತದೆ. ಕೋಡನ್ನು ಕೋಡಿನ ಫೈಲ್ ಆಗಿಯೇ ಕಳಿಸಿ.

ಹಂತ 3: ‘ಸುಲಭ’ ಮತ್ತು ‘ತಪ್ಪು’ ಎಂಬ ಎರಡು ಮಾತುಗಳನ್ನು ಬಿಡಿ

‘ಇದು ತುಂಬ ಸುಲಭ’ ಎಂದು ಧೈರ್ಯ ತುಂಬಲೆಂದೇ ಹೇಳುತ್ತೇವೆ. ಕೇಳಿದ ಮಗುವಿಗೆ ತಲುಪುವುದು ಬೇರೆಯೇ: ಸುಲಭವಾದದ್ದೂ ನನಗೆ ಬರಲಿಲ್ಲ. ‘ಇದು ಮೊದಲ ಸಲ ಎಲ್ಲರಿಗೂ ಅರ್ಧ ಗಂಟೆ ಹಿಡಿಯುತ್ತದೆ’ ಎನ್ನಿ.

ಕನ್ನಡದಲ್ಲಿ ‘ತಪ್ಪು’ ಎಂದರೆ ಅಪರಾಧದ ಛಾಯೆಯೂ ಉಂಟು. ತಪ್ಪಾಯ್ತು ಎಂದು ಕೈ ಮುಗಿಯುತ್ತೇವೆ, ತಪ್ಪುಕಾಣಿಕೆ ಹಾಕುತ್ತೇವೆ. ಎರರ್ ಎಂಬುದಕ್ಕೆ ‘ತಪ್ಪು’ ಅನ್ನದೆ ಎರರ್ ಎಂದೇ ಹೇಳಿ. ಅಥವಾ ‘ಅದಕ್ಕೆ ಅರ್ಥ ಆಗ್ಲಿಲ್ಲ’ ಅನ್ನಿ. ನನ್ನ ಎರಡನೇ ಲ್ಯಾಬಿನಲ್ಲಿ ಇರುವ ಕೆಲಸವೇ ಎರರ್ ತರಿಸುವುದು. ನಡೆಯುತ್ತಿರುವ ಪ್ರೋಗ್ರಾಂ ಕೊಟ್ಟು, ಐದು ಬಗೆಯಲ್ಲಿ ಅದನ್ನು ಕೆಡಿಸಿ, ಬಂದ ಸಂದೇಶಗಳನ್ನು ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲೋ ಮಲೆಯಾಳದಲ್ಲೋ ಅರ್ಥ ಬರೆಯಬೇಕು. ಪೈಥಾನಿನ ಸಂದೇಶವನ್ನು ಕೆಳಗಿನಿಂದ ಓದಬೇಕೆಂದು ಅಲ್ಲಿಯೇ ಹೇಳಿಕೊಡುತ್ತೇನೆ: ಕೊನೆಯ ಸಾಲಿನಲ್ಲಿ ಏನಾಯಿತು, ಅದರ ಮೇಲೆ ಎಷ್ಟನೇ ಸಾಲಿನಲ್ಲಿ. ನೇಮ್ ಎರರ್ ಎಂದರೆ ‘ಈ ಹೆಸರು ನಾನು ಕೇಳಿಲ್ಲ’, ಟೈಪ್ ಎರರ್ ಎಂದರೆ ‘ಇವೆರಡನ್ನು ಸೇರಿಸಲು ಬರುವುದಿಲ್ಲ’. ಸೆಮಿಸ್ಟರಿನ ಕೊನೆಯವರೆಗೂ ಆ ಪುಟ ಅವರ ಕೈಯಲ್ಲಿರುತ್ತದೆ.

ಹಂತ 4: ಮಕ್ಕಳ ಭಾಷೆಯಲ್ಲಿ ಯೋಚಿಸಿ ನೋಡಿ

ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಬೇರೆ ದೇಶದ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ. ಪಾರಿಭಾಷಿಕ ಪದಗಳನ್ನು ಕನ್ನಡಿಸುವ ಗೋಜಿಗೆ ಹೋಗಬೇಡಿ. ವೇರಿಯಬಲ್, ಲೂಪ್, ಫಂಕ್ಷನ್ ಹಾಗೇ ಇರಲಿ, ಪರೀಕ್ಷೆಯೂ ಇಂಗ್ಲಿಷಿನಲ್ಲೇ. ಆದರೆ ಸಾಲನ್ನು ಓದುವ ಬಗೆ ಮನೆಮಾತಿನದಾಗಿರಲಿ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರು ಕೊಡಬಹುದು. ಈ ಮೂರು ಸಾಲು ಹೀಗೇ ಟೈಪ್ ಮಾಡಿದರೆ ನಡೆಯುತ್ತದೆ:

ಬೆಲೆ = 450
ತೂಕ = 12
ಒಟ್ಟು = ಬೆಲೆ * ತೂಕ

ಮೊದಲ ಸಾಲನ್ನು ‘ಬೆಲೆ ಸಮ 450’ ಎಂದು ಓದಿಸಬೇಡಿ. ಹಾಗೆ ಓದಿದ ಮಗು ‘ಬೆಲೆ = ಬೆಲೆ + 10’ ಕಂಡಾಗ ಗಣಿತವೇ ಸುಳ್ಳಾಯಿತೆಂದು ನಿಂತುಬಿಡುತ್ತದೆ. ‘ಬೆಲೆಗೆ 450 ಹಾಕು’ ಎಂದು ಓದಿಸಿ. ಆಗ ಮುಂದಿನದು ‘ಈಗಿರುವ ಬೆಲೆ ತೆಗೆ, 10 ಸೇರಿಸು, ಬಂದದ್ದನ್ನು ಮತ್ತೆ ಬೆಲೆಗೆ ಹಾಕು’ ಎಂದಾಗುತ್ತದೆ. ಬಲಗಡೆ ಮೊದಲು, ಹಾಕುವುದು ಕೊನೆಗೆ. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಗಳಿಗೆ ಈ ಕ್ರಮ ಒಗ್ಗಿ ಬರುತ್ತದೆ. ಷರತ್ತು ಹಾಕುವ ಇಫ್ ಕೂಡ ಹಾಗೆ: ‘ಮಳೆ ಬಂದರೆ ಕೊಡೆ ಬಿಡಿಸು’ ಎಂಬಲ್ಲಿ ‘ರೆ’ ಇರುವ ಜಾಗದಲ್ಲೇ ಕೋಲನ್ ಬರುತ್ತದೆ.

ಕಷ್ಟ ಬರುವುದು ಷರತ್ತು ನಿಜವಾಗಿರುವಷ್ಟು ಹೊತ್ತು ಓಡುವ ವೈಲ್ ಲೂಪಿನಲ್ಲಿ. ಮುಳ್ಳೇರಿಯದ ಕಡೆಯ ಹುಡುಗನೊಬ್ಬ ತೋಟದ ಟ್ಯಾಂಕಿಗೆ ಪಂಪ್ ಓಡಿಸುವ ಪ್ರೋಗ್ರಾಂ ಬರೆದಿದ್ದ. ಪಂಪ್ ಒಂದು ಸಲವೂ ಓಡಲಿಲ್ಲ. ಅವನು ಮನಸ್ಸಿನಲ್ಲಿ ಹೇಳಿಕೊಂಡದ್ದು ‘ಟ್ಯಾಂಕ್ ತುಂಬುವವರೆಗೆ ಓಡು’. ಅದನ್ನೇ ನೆಚ್ಚಿ ಬರೆದ ಷರತ್ತು:

ನೀರು >= ತುಂಬಿದ_ಮಟ್ಟ

ಬೇಕಿದ್ದದ್ದು ‘ನೀರು < ತುಂಬಿದ_ಮಟ್ಟ’. ನಾನು ಆ ವರ್ಷ ಇದನ್ನು ಗಮನಕೊಡದ ತಪ್ಪೆಂದು ತಿಳಿದೆ. ಆಮೇಲೆ ಒಂದೊಂದಾಗಿ ಹತ್ತಾರು ಮಕ್ಕಳ ಪುಸ್ತಕದಲ್ಲಿ ಅದೇ ಕಂಡಿತು. ಕನ್ನಡದ ‘ವರೆಗೆ’ ಎರಡು ಕೆಲಸ ಮಾಡುತ್ತದೆ. ‘ಹಿಟ್ಟು ಇರುವವರೆಗೆ ದೋಸೆ ಹೊಯ್ಯಿ’ ಎಂದರೆ ಮುಂದುವರಿಯಲು ಬೇಕಾದ ಸ್ಥಿತಿ. ‘ದೋಸೆ ಬೇಯುವವರೆಗೆ ಕಾಯಿ’ ಎಂದರೆ ನಿಲ್ಲಬೇಕಾದ ಸ್ಥಿತಿ. ವೈಲ್‌ಗೆ ಮೊದಲನೆಯದು ಮಾತ್ರ ಗೊತ್ತು. ಮಲೆಯಾಳದ ‘ವರೆ’, ತುಳುವಿನ ‘ಮುಟ್ಟ’ ಇವುಗಳಿಂದಲೂ ಮಕ್ಕಳು ಇದೇ ಕವಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಈಗ ದೋಸೆಯ ಎರಡೂ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆದು, ‘ನಿಮ್ಮ ಷರತ್ತು ಇದರಲ್ಲಿ ಯಾವುದು, ಹಿಟ್ಟಿನದೋ ಬೇಯುವುದೋ?’ ಎಂದು ಕೇಳುತ್ತೇನೆ. ತರಗತಿಯಲ್ಲಿ ಅದೇ ಪರಿಭಾಷೆಯಾಗಿದೆ. ‘ಸರ್, ಇದು ಬೇಯುವ ಷರತ್ತಾಯ್ತು’ ಎಂದು ತಾವೇ ತಿದ್ದಿಕೊಳ್ಳುತ್ತಾರೆ.

ಸ್ಟ್ರಿಂಗ್ (ಅಕ್ಷರಗಳ ಸರಣಿ) ಪಾಠಕ್ಕೆ ಬಂದಾಗ ಇನ್ನೊಂದು ಅವಕಾಶ. ‘ಅಮ್ಮ’ ಎಂಬುದಕ್ಕೆ ಎಷ್ಟು ಅಕ್ಷರ? ಎರಡು ಎನ್ನುತ್ತಾರೆ. ಉದ್ದ ಎಣಿಸುವ ಪೈಥಾನಿನ ಲೆನ್ ಫಂಕ್ಷನ್ ನಾಲ್ಕು ಎನ್ನುತ್ತದೆ. ‘ಕಾಸರಗೋಡು’ ನಮಗೆ ಐದು, ಅದಕ್ಕೆ ಎಂಟು. ಏಕೆಂದರೆ ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೂ ಬಳಸುವ ಯೂನಿಕೋಡಿನಲ್ಲಿ ದೀರ್ಘ, ಕೊಂಬು, ವಿರಾಮ ಎಲ್ಲ ಬೇರೆಬೇರೆ ಸಂಕೇತ. ಒತ್ತಕ್ಷರ, ಗುಣಿತಾಕ್ಷರ ಬಲ್ಲ ಮಗು ಇದನ್ನು ಬಿಡಿಸಿ ಹೇಳಬಲ್ಲದು. ಇಂಗ್ಲಿಷ್ ಮಾಧ್ಯಮದಿಂದ ಬಂದವರು ಆ ಹೊತ್ತು ಅವಳನ್ನು ಕೇಳುತ್ತಾರೆ. ಮಲೆಯಾಳದವರು ಸ್ವರವಿಲ್ಲದ ವ್ಯಂಜನಕ್ಕಿರುವ ಚಿಲ್ಲು ಅಕ್ಷರ ತಂದು ಪರೀಕ್ಷಿಸುತ್ತಾರೆ, ಉರ್ದು ಬಲ್ಲವರು ಬಲದಿಂದ ಎಡಕ್ಕೆ ಹೋಗುವ ಲಿಪಿಯನ್ನು. ಈ ಜಿಲ್ಲೆಯನ್ನು ಸಪ್ತಭಾಷೆಗಳ ನಾಡೆಂದು ವೇದಿಕೆಯ ಮೇಲೆ ಹೊಗಳುತ್ತಾರಲ್ಲ, ಅದು ಪಾಠಕ್ಕೂ ಒದಗುವ ಸಂಪತ್ತು. ಅಂದಹಾಗೆ, ಬಳಕೆದಾರ ೧೨ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ, ಟೈಪಿಸಿದ್ದನ್ನು ಸಂಖ್ಯೆಯಾಗಿಸುವ ಇಂಟ್ ಫಂಕ್ಷನ್ ಅದನ್ನು 12 ಎಂದೇ ಓದುತ್ತದೆ. ಮೊದಲ ಸಲ ಇದನ್ನು ತೋರಿಸಿದಾಗ ಮಕ್ಕಳ ಮುಖ ನೋಡಬೇಕು.

ಎರಡು ಎಚ್ಚರಿಕೆ. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಟೈಪಿಸುವ ಅಗೋಚರ ಚಿಹ್ನೆ ವೇರಿಯಬಲ್ ಹೆಸರಿನ ನಡುವೆ ಬಂದರೆ ಪೈಥಾನ್ ಒಪ್ಪುವುದಿಲ್ಲ, ಆದ್ದರಿಂದ ‘ಬೆಲೆ’, ‘ತೂಕ’ದಂಥ ಸರಳ ಹೆಸರು ಸಾಕು. ಮತ್ತು ನಾಲ್ಕನೇ ವಾರದಿಂದ ಇಂಗ್ಲಿಷ್ ಹೆಸರುಗಳಿಗೆ ದಾಟಿಸಿ. ಹಾಗೆ ದಾಟುವುದು ನೀವು ಕೈಹಿಡಿದು ನಡೆಸಿದ್ದಾಗಿರಬೇಕು, ಪರೀಕ್ಷೆಯ ದಿನ ಎದುರಾದದ್ದಾಗಬಾರದು.

ಹಂತ 5: ಬರೆಯಿಸುವ ಮೊದಲು ಓದಿಸಿ

ಖಾಲಿ ಪರದೆಯ ಮುಂದೆ ಕೂರಿಸಿ ‘ಬರೀರಿ’ ಎನ್ನುವುದು ಕಥೆಯನ್ನೇ ಓದದವರಿಂದ ಕಥೆ ಬರೆಸಿದಂತೆ. ಮೊದಲು ಐದಾರು ಸಾಲಿನ ಪ್ರೋಗ್ರಾಂ ಕೊಟ್ಟು, ಓಡಿಸಿದರೆ ಏನು ಬರುತ್ತದೆಂದು ಪೆನ್ಸಿಲಿನಲ್ಲಿ ಬರೆಸಿ. ಆಮೇಲೆ ಓಡಿಸಿ, ಒಂದು ಸಾಲು ಬದಲಿಸಿ, ಕೊನೆಗೆ ತಮ್ಮದೇ ಬರೆಯಲಿ.

ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್, ಪೆಟ್ರಿಷಿಯಾ ಹೇಡನ್ 2006ರಲ್ಲಿ ಪರಿಚಯಿಸಿದ ಅಭ್ಯಾಸ ನಮ್ಮ ಲ್ಯಾಬಿಗೆ ಹೇಳಿ ಮಾಡಿಸಿದ್ದು. ಪ್ರೋಗ್ರಾಮಿನ ಸಾಲುಗಳನ್ನು ಬೇರೆಬೇರೆ ಕಾಗದದ ಪಟ್ಟಿಗಳಾಗಿ ಕತ್ತರಿಸಿ, ಕಲಸಿ, ಸರಿಯಾದ ಕ್ರಮದಲ್ಲಿ ಜೋಡಿಸಲು ಕೊಡುವುದು. ಬೇಡದ ಒಂದೆರಡು ಪಟ್ಟಿಗಳನ್ನೂ ಸೇರಿಸಿಡಿ. ನಾನು ಮೇಜಿನ ಮೇಲೆ ಸೀಮೆಸುಣ್ಣದಿಂದ ಎರಡು ಉದ್ದ ಗೆರೆ ಎಳೆಯುತ್ತೇನೆ, ಇಂಡೆಂಟ್ ಆದ (ಒಳಸರಿದ) ಸಾಲು ಎರಡನೇ ಗೆರೆಯಿಂದ ಶುರು. ಟೈಪಿಂಗ್ ವೇಗದ ಪ್ರಶ್ನೆಯೇ ಇಲ್ಲ, ಇಂಗ್ಲಿಷಿನ ಸ್ಪೆಲ್ಲಿಂಗ್ ತೊಡಕಿಲ್ಲ. ಜೂನ್, ಜುಲೈಯ ಮಳೆಗೆ ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ.

ಹಂತ 6: ಗೊತ್ತಿರುವವರನ್ನು ಏನು ಮಾಡುವುದು

ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜು 2006ರ ಸುಮಾರಿಗೆ ತನ್ನ ಮೊದಲ ಕೋರ್ಸನ್ನು ಜಾವಾ ಭಾಷೆಯಿಂದ ಪೈಥಾನಿಗೆ ತಂದಿತು. ಅನುಭವ ಇದ್ದವರು, ಇಲ್ಲದವರು ಎಂದು ವಿಭಾಗಗಳನ್ನೂ ಬೇರೆ ಮಾಡಿತು. ಅಲ್ಲಿ ಕಂಪ್ಯೂಟರ್ ವಿಜ್ಞಾನ ಆರಿಸಿಕೊಳ್ಳುವ ಹೆಣ್ಣುಮಕ್ಕಳ ಪಾಲು ಶೇ. 10ರ ಆಸುಪಾಸಿನಿಂದ ಕೆಲವೇ ವರ್ಷಗಳಲ್ಲಿ ಶೇ. 40ರ ಹತ್ತಿರ ಬಂತು. ಎರಡು ಬ್ಯಾಚ್ ಇರುವ ಕಾಲೇಜಿನವರು ಹಾಜರಿ ಪುಸ್ತಕದ ಅಕಾರಾದಿಯಲ್ಲಿ ವಿಂಗಡಿಸುವ ಬದಲು ಹಂತ 1ರ ಕಾಗದ ನೋಡಿ ವಿಂಗಡಿಸಬಹುದು. ಇಬ್ಬರಿಗೂ ಅದೇ ಪಠ್ಯ, ಅದೇ ಪರೀಕ್ಷೆ. ಹೆಸರಿನಲ್ಲಿ ಮಾತ್ರ ಎಚ್ಚರ: ‘ನಿಧಾನದ ಬ್ಯಾಚ್’ ಎಂಬ ಮಾತು ಒಮ್ಮೆ ಹುಟ್ಟಿದರೆ ಎಲ್ಲವೂ ನೀರಿನಲ್ಲಿ ಹೋಮ.

ಒಂದೇ ಬ್ಯಾಚ್ ಇದ್ದರೆ? ಹಾರ್ವಿ ಮಡ್‌ನ ಅಧ್ಯಾಪಕರು ಮಾಡುತ್ತಿದ್ದದ್ದನ್ನೇ ಮಾಡಿ. ಪ್ರತಿ ಪ್ರಶ್ನೆಗೂ ಮೊದಲು ಉತ್ತರಿಸುವ, ಪಾಠದಲ್ಲಿಲ್ಲದ ಪದಗಳನ್ನು ಎಸೆಯುವ ಹುಡುಗನನ್ನು ಒಬ್ಬನೇ ಸಿಕ್ಕಾಗ ಕರೆದು ಹೇಳಿ: ‘ನಿನ್ನ ಜತೆ ಈ ವಿಷಯ ಮಾತಾಡಲು ನನಗೂ ಇಷ್ಟ. ತರಗತಿ ಮುಗಿದ ಮೇಲೆ ಬಾ, ತರಗತಿಯಲ್ಲಿ ಬೇರೆಯವರಿಗೂ ಮಾತಾಡಲು ಜಾಗ ಬೇಕು.’ ಅವನು ಕೆಟ್ಟವನಲ್ಲ, ಮೆಚ್ಚುಗೆ ಬೇಕಾಗಿರುವ ಹುಡುಗ. ನಾನು ಹೀಗೆ ಕರೆದ ಯಾರೂ ಬೇಸರಪಟ್ಟಿಲ್ಲ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ ಉತ್ತರ ತೆಗೆದುಕೊಳ್ಳಿ. ಹೆಸರು ಹಿಡಿದು ಎಬ್ಬಿಸಿ ಕೇಳಬೇಡಿ. ಪಕ್ಕದವರ ಜತೆ ಒಂದು ನಿಮಿಷ ಮಾತಾಡಿಸಿ ಆಮೇಲೆ ಕೇಳಿದರೆ, ಬಾಯಿ ಬಿಡದವರೂ ‘ನಾವು ಹೀಗೆ ಅಂದುಕೊಂಡೆವು’ ಎನ್ನುತ್ತಾರೆ. ‘ನಾನು’ ಎನ್ನುವುದಕ್ಕಿಂತ ‘ನಾವು’ ಎನ್ನಲು ಧೈರ್ಯ ಕಡಿಮೆ ಸಾಕು.

ಹಂತ 7: ಜೋಡಿಯಲ್ಲಿ ಕೆಲಸ

ಒಂದು ಕಂಪ್ಯೂಟರಿಗೆ ಇಬ್ಬರು. ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದ ಲಾರಿ ವಿಲಿಯಮ್ಸ್ ಜೋಡಿ ಪ್ರೋಗ್ರಾಮಿಂಗ್ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಒಬ್ಬರು ಟೈಪಿಸುತ್ತಾರೆ, ಇನ್ನೊಬ್ಬರು ನೋಡುತ್ತಾ ದಾರಿ ಹೇಳುತ್ತಾರೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅದಲು ಬದಲು. ಗಡಿಯಾರ ನಿಮ್ಮ ಕೈಯಲ್ಲಿರಲಿ, ಬಿಟ್ಟರೆ ಅದಲು ಬದಲು ಆಗುವುದೇ ಇಲ್ಲ. ತಿಳಿದವರನ್ನು ತಿಳಿಯದವರ ಜತೆ ಕೂರಿಸುವುದು ನ್ಯಾಯವೆನಿಸುತ್ತದೆ, ಆದರೆ ಹಾಗೆ ಮಾಡಿದರೆ ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಅನುಭವ ಹತ್ತಿರ ಹತ್ತಿರ ಇರುವವರನ್ನು ಜೋಡಿ ಮಾಡಿ. ಲ್ಯಾಬಿನಲ್ಲಿ ಓಡಾಡುವಾಗ ಪರದೆ ನೋಡುವುದಕ್ಕಿಂತ ಮೌಸ್ ಯಾರ ಕೈಯಲ್ಲಿದೆ ಎಂದು ನೋಡಿ.

ಸಹಾಯಕ್ಕೆ ಹೋದಾಗ ಮಗುವಿನ ಕೀಬೋರ್ಡ್ ಮುಟ್ಟಬೇಡಿ. ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು ನಾನು ರೂಢಿಸಿಕೊಂಡ ಅಭ್ಯಾಸ. ಸಹಾಯ ಬೇಕೆಂದು ಕೈ ಎತ್ತಿ ಕೂರುವುದೂ ನಾಚಿಕೆಯೇ, ಕೆಂಪು, ಹಸಿರು ಎರಡು ಕಾಗದದ ಚೂರು ಕೊಡಿ. ಕೆಂಪನ್ನು ಮಾನಿಟರಿಗೆ ಅಂಟಿಸಿ ಕೆಲಸ ಮುಂದುವರಿಸಲಿ.

ಹಂತ 8: ಉದಾಹರಣೆ ಮತ್ತು ಗೋಡೆ

ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಪ್ನಾ ಚೆರಿಯನ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದಿದು: ಕೋಣೆಯಲ್ಲಿ ಸ್ಟಾರ್ ಟ್ರೆಕ್ ಎಂಬ ಅಂತರಿಕ್ಷ ಧಾರಾವಾಹಿಯ ಪೋಸ್ಟರ್, ವಿಡಿಯೋ ಗೇಮ್ ಇದ್ದರೆ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಆಸಕ್ತಿ ತಗ್ಗಿತು. ಆ ಜಾಗದಲ್ಲಿ ನಿಸರ್ಗದ ಚಿತ್ರ, ಸಾಮಾನ್ಯ ಪುಸ್ತಕ ಇಟ್ಟಾಗ ಹಾಗಾಗಲಿಲ್ಲ. ನಮ್ಮಲ್ಲಿ ಆ ಪೋಸ್ಟರಿನ ಕೆಲಸವನ್ನು ಕ್ರಿಕೆಟ್ ಉದಾಹರಣೆಗಳು ಮಾಡುತ್ತವೆ. ಯಕ್ಷಗಾನದ ತಾಳವನ್ನು ಲೂಪ್ ಕಲಿಸಲು ಬಳಸಿ ನಾನು ಖುಷಿಪಟ್ಟಿದ್ದೆ, ಏಳಕ್ಷರದ ತ್ರಿವುಡೆ ಶೇಷದ ಲೆಕ್ಕಕ್ಕೆ ಚೆನ್ನಾಗಿ ಕೂರುತ್ತದೆ. ಆದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲೂ ಆಟ ನೋಡದೆ ಬೆಳೆದ ಮಕ್ಕಳು ಎಷ್ಟೋ ಇದ್ದಾರೆ. ಅದನ್ನೀಗ ಹಲವು ಉದಾಹರಣೆಗಳಲ್ಲಿ ಒಂದಾಗಿ ಇಡುತ್ತೇನೆ, ಮಾಪಿಳ್ಳೆಯರ ಒಪ್ಪನ ಹಾಡುಕುಣಿತ ಬಲ್ಲವರು ಅದರ ಕೈತಾಳ ತರಲಿ. ಎಲ್ಲರಿಗೂ ಸೇರಿದವು ಇವು: ಬಸ್ ಚಾರ್ಜು, ಅಂಗಡಿ ಬಿಲ್ಲು, ರಬ್ಬರ್, ಅಡಿಕೆ, ಗೇರುಬೀಜದ ತೂಕ, ಮಂಗಳೂರಿಗೆ ಹೋಗುವ ರೈಲಿನ ಸಮಯ, ಬೀಡಿ ಕಟ್ಟುವ ತಾಯಿಯ ವಾರದ ಲೆಕ್ಕ. ಕೊನೆಯದನ್ನು ಒಬ್ಬಳು ತಾನಾಗಿ ಬರೆದು ತಂದಳು. ಎಲೆ, ಹೊಗೆಸೊಪ್ಪು, ಕಟ್ಟಿದ ಬೀಡಿ, ಕಡಿತವಾದದ್ದು, ನಾಲ್ಕು ಲಿಸ್ಟ್. ಆ ಸೆಮಿಸ್ಟರಿನಲ್ಲಿ ನಾನು ನೋಡಿದ ಅತ್ಯಂತ ಅಚ್ಚುಕಟ್ಟಾದ ಕೋಡ್.

ಹಂತ 9: ಅಂಕ ಮತ್ತು ಸಮಯ

ಒಂದೇ ದೊಡ್ಡ ಆಂತರಿಕ ಪರೀಕ್ಷೆಯ ಬದಲು ವಾರಕ್ಕೊಂದು ಸಣ್ಣದು. ಕಡಿಮೆ ಬಂದ ಎರಡನ್ನು ಬಿಟ್ಟುಬಿಡಿ, ತಿದ್ದಿ ಮತ್ತೆ ಕೊಡಲು ಅವಕಾಶ ಇರಲಿ. ಮೂರನೇ ವಾರ ಕಲಿತವಳಿಗೂ ಐದನೇ ವಾರ ಕಲಿತವಳಿಗೂ ಕೊನೆಗೆ ಬರುವುದು ಒಂದೇ ಆದರೆ ಅಂಕವೂ ಒಂದೇ ಇರಬೇಕು. ಕೊನೆಯ ಬಸ್ ಐದಕ್ಕಿರುವ ಊರಿನ ಹುಡುಗಿಗೆ ಸಂಜೆಯ ಹೆಚ್ಚುವರಿ ಲ್ಯಾಬ್ ಇದ್ದೂ ಇಲ್ಲದಂತೆ. ಅದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ತನ್ನಿ. ಫೋನ್ ಮಾತ್ರ ಇರುವವರಿಗೆ ಪೈಡ್ರಾಯ್ಡ್ ಆಪ್‌ನಲ್ಲಿ ಆಗುವಂಥ ಮನೆಕೆಲಸವನ್ನೇ ಕೊಡಿ.

ಎಣ್ಮಕಜೆಯಂಥ ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಪಂಚಾಯತುಗಳಿಂದ ಬರುವ ಮಕ್ಕಳಲ್ಲಿ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿದ್ದಾರೆ, ತಾವೇ ಅಂಗವೈಕಲ್ಯ ಹೊತ್ತವರೂ ಇದ್ದಾರೆ. ಗಡುವಿನ ವಿನಾಯಿತಿಗೆ ಪ್ರತಿಸಲ ಕಾರಣ ಹೇಳಿಸಬೇಡಿ. ಎಲ್ಲರಿಗೂ ಸೆಮಿಸ್ಟರಿಗೆ ಐದು ದಿನ ತಡಮಾಡುವ ಹಕ್ಕು ಕೊಟ್ಟರೆ ಯಾರೂ ಬೇಡುವಂತಾಗುವುದಿಲ್ಲ. ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಇದೆ, ಅದರ ಜತೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಇಂಡೆಂಟನ್ನು ದನಿಯಲ್ಲಿ ಹೇಳುವ ಆಯ್ಕೆಯನ್ನು ಅದರಲ್ಲಿ ಆನ್ ಮಾಡಿಡಿ, ಪೈಥಾನಿಗೆ ಅದಿಲ್ಲದೆ ಆಗುವುದಿಲ್ಲ.

ಹಂತ 10: ಮೂರನೇ ವಾರ ಹಾಜರಿ ಪುಸ್ತಕ ತೆರೆಯಿರಿ

ಬಿಟ್ಟುಹೋಗುವವರು ಹೇಳಿ ಹೋಗುವುದಿಲ್ಲ. ಮೊದಲು ಒಂದು ಲ್ಯಾಬ್ ತಪ್ಪುತ್ತದೆ, ಆಮೇಲೆ ಎರಡು. ಎರಡು ತಪ್ಪಿದ ಕೂಡಲೇ ಒಂದು ಸಂದೇಶ ಕಳಿಸಿ, ಅವರು ಓದುವ ಭಾಷೆಯಲ್ಲಿ. ‘ಯಾಕೆ ಬರಲಿಲ್ಲ?’ ಎಂದಲ್ಲ. ‘ಕಳೆದ ವಾರದ ಪಟ್ಟಿ ಜೋಡಿಸುವ ಕೆಲಸ ಎತ್ತಿಟ್ಟಿದ್ದೇನೆ, ಬುಧವಾರ ಊಟದ ಹೊತ್ತಿಗೆ ಬಾ, ಒಟ್ಟಿಗೆ ಮಾಡೋಣ’ ಎಂದು. ಆ ಒಂದು ಸಂದೇಶಕ್ಕೆ ಮರಳಿ ಬಂದವರನ್ನು ನಾನು ಪ್ರತಿವರ್ಷ ಕಂಡಿದ್ದೇನೆ.

ಕೋರ್ಸ್ ಮುಗಿದ ಮೇಲೆ ಮುಂದಿನ ವರ್ಷದ ಲ್ಯಾಬಿಗೆ ಸಹಾಯಕರನ್ನು ಆರಿಸುವಾಗ, ಮೊದಲ ತಿಂಗಳಲ್ಲಿ ಕಷ್ಟಪಟ್ಟು ಕೊನೆಗೆ ದಡ ಸೇರಿದವರನ್ನು ಕರೆಯಿರಿ. ಸಾಧ್ಯವಾದರೆ ಸ್ವಲ್ಪ ಗೌರವಧನ ಕೊಡಿಸಿ. ಕಳೆದ ಜುಲೈಯಲ್ಲಿ ನಮ್ಮ ಲ್ಯಾಬಿನ ಮೂಲೆಯಲ್ಲಿ, ಬೀಡಿಯ ಲೆಕ್ಕ ಬರೆದ ಅದೇ ಹುಡುಗಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಹೊಸದಾಗಿ ಸೇರಿದ ಒಬ್ಬಳ ಮಾನಿಟರಿನಲ್ಲಿ ಕೆಂಪು ಚೂರು ಅಂಟಿತ್ತು. ‘ಕೋಲನ್ ಎಲ್ಲಿದೆ ಅಂತ ನನಗೂ ಗೊತ್ತಿರ್ಲಿಲ್ಲ, ಎಲ್ ಪಕ್ಕದಲ್ಲಿ ನೋಡು’ ಎನ್ನುತ್ತಿದ್ದಳು.